ಫಾರ್ಮ್ಯಾಟ್ ಹೊಡಿಯೂಕಿಂತ ಮೊದ್ಲ ಆ ಕೆಂಪು ಸಾಲು ಓದ್ರಿ

“ಫಾರ್ಮ್ಯಾಟ್ ಹೊಡದ್ ಬಿಡ್ರಿ, ಎಲ್ಲಾ ಸರಿ ಆಕ್ಕೈತಿ.”

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಕಂಪ್ಯೂಟರಿಗೆ ಬರುವ ನೂರೆಂಟು ರೋಗಕ್ಕೂ ಇರುವುದು ಇದೊಂದೇ ಔಷಧಿ. ವೈರಸ್ ಬಂತಾ? ಫಾರ್ಮ್ಯಾಟ್. ಪ್ರಿಂಟರ್ ಮುನಿಸಿಕೊಂಡಿತಾ? ಫಾರ್ಮ್ಯಾಟ್. ಜಾವಾ ಕೂಡಲಿಲ್ಲವಾ? ಅದಕ್ಕೂ ಫಾರ್ಮ್ಯಾಟ್. ಶಹರದ ದೊಡ್ಡ ಅಂಗಡಿಯಿಂದ ಹಿಡಿದು ತಿಕೋಟಾ, ಬಬಲೇಶ್ವರದ ಝೆರಾಕ್ಸ್ ಅಂಗಡಿಯವರೆಗೆ ಎಲ್ಲರ ಬಾಯಲ್ಲೂ ಇದೇ ಮಂತ್ರ. ಹಿಂದೆ ಯಾವ ಜ್ವರ ಬಂದರೂ ಒಂದೇ ಸೂಜಿ ಚುಚ್ಚುತ್ತಿದ್ದ ಡಾಕ್ಟರರ ನೆನಪಾಗುತ್ತೆ. ಸೂಜಿಯಿಂದ ಒಂದೊಂದು ಸಲ ಜ್ವರ ಇಳೀತಿತ್ತು ಅನ್ನೋದೂ ನಿಜ. ಯಾಕೆ ಇಳೀತು ಅಂತ ಮಾತ್ರ ಡಾಕ್ಟರಿಗೂ ಗೊತ್ತಿರಲಿಲ್ಲ, ರೋಗಿಗೂ ಗೊತ್ತಿರಲಿಲ್ಲ.

ನನ್ನ ತಕರಾರು ಅಂಗಡಿಯವರ ಮೇಲೆ ಅಷ್ಟೇ ಆಗಿದ್ದರೆ ಇಷ್ಟುದ್ದ ಬರೆಯುವ ಅಗತ್ಯ ಇರಲಿಲ್ಲ. ಎಸ್‌ಡಿಕೆ ಇನ್‌ಸ್ಟಾಲ್ ಆಗದೆ ಹೋದಾಗ ತಪ್ಪನ್ನು ತಂದು ಹುಡುಗರ ತಲೆಗೆ ಕಟ್ಟುವ ಒಂದು ರೂಢಿ ನಮ್ಮಲ್ಲಿ ಬೆಳೆದಿದೆ. ಕಾಲೇಜು, ಟ್ರೇನಿಂಗ್ ಸೆಂಟರ್, ಯೂಟ್ಯೂಬ್ ಗುರುಗಳು, ಕೊನೆಗೆ ಆ ಸಾಫ್ಟ್‌ವೇರ್ ಮಾಡಿದ ದೊಡ್ಡ ದೊಡ್ಡ ಕಂಪನಿಗಳು, ಎಲ್ಲರೂ ಸೇರಿ ಬೆಳೆಸಿದ್ದು. ಜಗಳ ಇರೋದು ಅದರ ಜೊತೆ.

ಎಸ್‌ಡಿಕೆ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಬಡಿಗ ಕೆಲಸಕ್ಕೆ ಬರುವಾಗ ಹೆಗಲಿಗೆ ಒಂದು ಹತಾರದ ಚೀಲ ಹಾಕ್ಕೊಂಡು ಬರ್ತಾನಲ್ಲ, ಉಳಿ, ಗರಗಸ, ಕೊಡತಿ ಎಲ್ಲ ಅದರಲ್ಲೇ? ಸಾಫ್ಟ್‌ವೇರ್ ಬರೆಯುವವರಿಗೆ ಅಂಥ ಚೀಲವೇ ಎಸ್‌ಡಿಕೆ. ಬರೆದದ್ದನ್ನು ಮಷೀನಿನ ಭಾಷೆಗೆ ಇಳಿಸುವ ಕಂಪೈಲರ್, ಸಿದ್ಧ ಲೈಬ್ರರಿಗಳು, ಎಲ್ಲವನ್ನೂ ಜೋಡಿಸುವ ಬಿಲ್ಡ್ ಟೂಲ್, ಫೋನ್ ಇಲ್ಲದೆಯೇ ಫೋನಿನ ಆ್ಯಪ್ ಓಡಿಸಿ ನೋಡಲು ಎಮ್ಯುಲೇಟರ್. ಈ ಚೀಲ ಬಿಚ್ಚಿಕೊಳ್ಳದಿದ್ದರೆ ಮುಂದಿನ ಯಾವ ಪಾಠವೂ ಶುರುವಾಗಲ್ಲ.

ನಾನಿರೋದು ಬೆಂಗಳೂರಿನಲ್ಲಿ, ಊರು ಬಬಲೇಶ್ವರದ ಹತ್ತಿರ. ಊರ ಕಡೆಯ ಹುಡುಗರಲ್ಲಿ ನನ್ನ ನಂಬರ್ ಹೇಗೋ ಹಬ್ಬಿಬಿಟ್ಟಿದೆ. ಶನಿವಾರ ಸಂಜೆ ಬಂತು ಅಂದರೆ ಇಂಥ ಒಂದು ಫೋನ್ ಗ್ಯಾರಂಟಿ.

“ಅಣ್ಣಾರ, ಆ ಕಿಟ್ ಕೂಡವಲ್ದ್ ನೋಡ್ರಿ.”

“ಏನಂತ ಬರಾಕತ್ತೈತಿ?”

“ಎರರ್ ಬರಾಕತ್ತೈತ್ರಿ.”

“ಎಂಥಾ ಎರರ್ ತಮ್ಮಾ?”

“ಕೆಂಪಂದ್ ರೀ.”

ನಗಬೇಡಿ. ಆ ಹುಡುಗ ದಡ್ಡ ಅಲ್ಲ. ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದವನು, ಅಪ್ಪನ ಬೋರ್‌ವೆಲ್ ಸ್ಟಾರ್ಟರ್ ತಾನೇ ಬಿಚ್ಚಿ ರಿಪೇರಿ ಮಾಡುವವನು. ಸ್ಟಾರ್ಟರ್ ಟ್ರಿಪ್ ಆದರೆ ಯಾಕೆ ಟ್ರಿಪ್ ಆಯ್ತು ಅಂತ ಒಂದೊಂದೇ ಫೇಸ್ ಚೆಕ್ ಮಾಡುವವನು ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಕೈ ಕಟ್ಟಿಕೊಳ್ತಾನೆ. ಯಾಕೆಂದರೆ ಆ ಕೆಂಪು ಸಾಲು ಓದಲಿಕ್ಕೆ ಇರೋದು ಅಂತ ಅವನಿಗೆ ಯಾರೂ ಹೇಳಿಲ್ಲ. ಹತ್ತು ಹನ್ನೆರಡು ವರ್ಷ ಶಾಲೆಯಲ್ಲಿ ಕೆಂಪು ಮಸಿ ಅಂದರೆ ಒಂದೇ ಅರ್ಥ. ನೀನು ಫೇಲ್. ಅದನ್ನೇ ಇಲ್ಲೂ ಓದಿಕೊಳ್ತಾನೆ. ನಾಲ್ಕು ಸಲ ಹೀಗಾದ ಮೇಲೆ ಬರುವ ಮಾತು ನನಗೆ ಬಾಯಿಪಾಠ ಆಗಿದೆ: “ಇದು ನಮ್ಮಂಥಾವ್ರಿಗೆ ಬರೂದಲ್ಲ ಬಿಡ್ರಿ ಅಣ್ಣಾರ.”

ಈ ಮಾತಿಗೆ ನನಗೆ ಸಿಟ್ಟು ಬರುತ್ತೆ. ಹುಡುಗನ ಮೇಲಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯ ಕಾಲುವೆಯಲ್ಲಿ ಕೊನೇ ಹೊಲಕ್ಕೆ ನೀರು ಮುಟ್ಟಲಿಲ್ಲ ಅಂದರೆ ಹೊಲದ್ದೇ ತಪ್ಪು ಅಂತ ನಮ್ಮ ಕಡೆ ಯಾರಾದರೂ ಅಂತಾರಾ? ಎಲ್ಲಿ ಒಡೆದಿದೆ, ಎಲ್ಲಿ ಹೂಳು ತುಂಬಿದೆ, ಯಾರು ನಡುವೆ ಪೈಪ್ ಹಾಕಿದ್ದಾರೆ ಅಂತ ನೋಡ್ಕೊಂಡು ಹೋಗ್ತಾರೆ. ಇಲ್ಲೂ ಹಾಗೇ ನೋಡಿ ಅಂತಷ್ಟೇ ನಾನು ಹೇಳ್ತಿರೋದು.

ಒಡೆಯುವ ಜಾಗಗಳು ಬಹಳ ಇಲ್ಲ. ಮೊದಲನೆಯದು ಡೌನ್‌ಲೋಡ್. ಈ ಕಿಟ್‌ಗಳೆಲ್ಲ ಜಿಬಿಗಟ್ಟಲೆ ಇರ್ತವೆ. ದಿನಕ್ಕೆ ಒಂದೂವರೆ ಜಿಬಿ ಪ್ಲಾನಿನಲ್ಲಿ, ಮೊಬೈಲ್ ಹಾಟ್‌ಸ್ಪಾಟ್ ಹಾಕಿ, ರಾತ್ರಿ ಹನ್ನೆರಡು ಹೊಡೆಯಲಿ ಅಂತ ಕಾದು ಇಳಿಸುವವರು ಇದ್ದಾರೆ. ನಡುವೆ ಕರೆಂಟ್ ಹೋಗುತ್ತೆ, ಟವರ್ ಹೋಗುತ್ತೆ, ಫೈಲ್ ಅರ್ಧಕ್ಕೆ ನಿಲ್ಲುತ್ತೆ. ಜಿಪ್ ಫೈಲಿನ ಒಂದು ಸ್ವಭಾವ ಇದೆ: ಒಳಗೆ ಏನೇನಿದೆ ಅನ್ನುವ ಪರಿವಿಡಿ ಮೊದಲ ಪುಟದಲ್ಲಿ ಇರಲ್ಲ, ಕೊನೇ ಪುಟದಲ್ಲಿ ಇರುತ್ತೆ. ಅರ್ಧ ಇಳಿದ ಜಿಪ್‌ಗೆ ಪರಿವಿಡಿಯೇ ಇಲ್ಲ. ಆಂಡ್ರಾಯ್ಡ್ ಆ್ಯಪ್ ಕಟ್ಟುವ ಗ್ರೇಡಲ್ “ಜಿಪ್ ಎಂಡ್ ಹೆಡರ್ ನಾಟ್ ಫೌಂಡ್” ಅಂತ ಕಿರುಚಿದರೆ ಅರ್ಥ ಇಷ್ಟೇ, ಕೊನೇ ಪುಟ ಹರಿದಿದೆ. ಡಾಟ್ ಗ್ರೇಡಲ್ ಫೋಲ್ಡರಿನ ಒಳಗೆ ರಾಪರ್, ಅದರೊಳಗೆ ಡಿಸ್ಟ್ಸ್ ಅಂತ ಇರುತ್ತೆ, ಅಲ್ಲಿನ ಹರಕು ಫೈಲ್ ಅಳಿಸಿ ಮತ್ತೆ ಇಳಿಸಿದರೆ ಕೆಲಸ ಮುಗೀತು. ಇದಕ್ಕೆ ವಿಂಡೋಸ್ ಅಳಿಸುವ ಅಗತ್ಯ ಏನು? ಪುಸ್ತಕದ ಒಂದು ಹಾಳೆ ಹರಿದಿದ್ದಕ್ಕೆ ಮನೆಗೆ ಬೆಂಕಿ ಹಚ್ಚಿದ ಹಾಗೆ.

ಇನ್‌ಸ್ಟಾಲರ್ ಫೈಲನ್ನೇ ಇಳಿಸಿದ್ದರೆ ಅದು ಪೂರ್ತಿ ಬಂದಿದೆಯೋ ಇಲ್ಲವೋ ನೋಡಲು ವಿಂಡೋಸಿನಲ್ಲೇ ಸರ್ಟ್‌ಯುಟಿಲ್ ಅನ್ನುವ ಕಮಾಂಡ್ ಇದೆ. ಅದಕ್ಕೆ ಹ್ಯಾಶ್‌ಫೈಲ್ ಅಂತ ಹೇಳಿ ಫೈಲ್ ಕೊಟ್ಟು, ಕೊನೆಗೆ ಎಸ್‌ಎಚ್‌ಎ256 ಅಂತ ಸೇರಿಸಿದರೆ 64 ಅಂಕೆ-ಅಕ್ಷರಗಳ ಒಂದು ಸಾಲು ಕೊಡುತ್ತೆ. ಕಂಪನಿಯವರು ತಮ್ಮ ಡೌನ್‌ಲೋಡ್ ಪುಟದಲ್ಲಿ ಅಂಥದ್ದೇ ಸಾಲು ಹಾಕಿರ್ತಾರೆ, ಎಸ್‌ಎಚ್‌ಎ-256 ಅಂತ. ಎರಡೂ ಒಂದೇ ಇದ್ದರೆ ಫೈಲ್ ಸರಿ ಇದೆ. ಬೇರೆ ಇದ್ದರೆ ಹಾಳಾಗಿದೆ. ಒಂದು ನಿಮಿಷದ ಕೆಲಸ. ಇದನ್ನು ಹೇಳಿಕೊಟ್ಟ ಕಂಪ್ಯೂಟರ್ ಲ್ಯಾಬ್ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಎರಡನೆಯದು ಜಾವಾ, ಅಂದರೆ ಯಾವ ಜಾವಾ ಅನ್ನೋದು. 2018ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 11ರಲ್ಲಿ ಹಳೇ ಕೆಲವು ಭಾಗಗಳನ್ನು ಕಿತ್ತು ಹಾಕಿದರು. ಆ ಭಾಗಗಳನ್ನು ನಂಬಿಕೊಂಡಿದ್ದ ಆಂಡ್ರಾಯ್ಡ್‌ನ ಹಳೇ ಎಸ್‌ಡಿಕೆ ಮ್ಯಾನೇಜರ್ ಹೊಸ ಜಾವಾದಲ್ಲಿ ಬಿದ್ದುಹೋಗ್ತಿತ್ತು. ಆಗ ಎಲ್ಲರೂ ಹೇಳಿದ ಪರಿಹಾರ “ಜಾವಾ 8 ಹಾಕ್ಕೊಳ್ಳಿ”. ಆ ಹೊತ್ತಿಗೆ ಸರಿಯೇ. ಆದರೆ 2023ರಲ್ಲಿ ಬಂದ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.0 ಜಾವಾ 17 ಇಲ್ಲದೆ ಓಡೋದೇ ಇಲ್ಲ. ವಿಡಿಯೋಗಳು ಮಾತ್ರ ಹಾಗೇ ಉಳಿದಿವೆ, ಲಕ್ಷಗಟ್ಟಲೆ ವ್ಯೂ ಇಟ್ಟುಕೊಂಡು. ಹುಡುಗ ಅದನ್ನು ನೋಡಿ ನಿಷ್ಠೆಯಿಂದ ಜಾವಾ 8 ಹಾಕ್ತಾನೆ, ಕಿಟ್ ಒದೆಯುತ್ತೆ. ನಮ್ಮ ಗೋಲಗುಮ್ಮಟದಲ್ಲಿ ಒಬ್ಬ ಕೂಗಿದ್ದನ್ನೇ ಗೋಡೆಗಳು ಮತ್ತೆ ಮತ್ತೆ ಕೂಗ್ತವಲ್ಲ, ಇಂಟರ್ನೆಟ್ಟಿನ ಉತ್ತರಗಳೂ ಹಾಗೇ. ಏಳು ಕಡೆ ಒಂದೇ ಉತ್ತರ ಕಂಡಿತು ಅಂದರೆ ಏಳು ಜನ ಪರೀಕ್ಷೆ ಮಾಡಿದ್ದಾರೆ ಅಂತಲ್ಲ. ಯಾರೋ ಒಬ್ಬ ಯಾವಾಗಲೋ ಕೂಗಿದ್ದಾನೆ ಅಂತ. ಆದ್ದರಿಂದ ಮೊದಲು ತಾರೀಖು ನೋಡಿ.

ಆ ವಿಡಿಯೋಗಳ ಇನ್ನೊಂದು ಕಾಣಿಕೆ ಪಾತ್ ಹಾಳು ಮಾಡೋದು. ಸೆಟ್‌ಎಕ್ಸ್ ಅನ್ನುವ ಕಮಾಂಡಿನಿಂದ ಪಾತ್‌ಗೆ ಸೇರಿಸಿ ಅಂತಾರೆ. ಆ ಕಮಾಂಡ್ 1024 ಅಕ್ಷರಕ್ಕಿಂತ ಉದ್ದ ಇದ್ದದ್ದನ್ನು ಕತ್ತರಿಸಿ ಬಿಸಾಕುತ್ತೆ. ಅಲ್ಲಿಂದ ಮುಂದೆ ಇದ್ದ ಬೇರೆ ಪ್ರೋಗ್ರಾಮುಗಳ ದಾರಿಯೂ ಹೋಯ್ತು. ಸೆಟ್ಟಿಂಗ್ಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಕಿಟಕಿ ತೆರೆದು ಕೈಯಿಂದಲೇ ಸೇರಿಸಿದರೆ ಈ ಗೋಳಿಲ್ಲ.

ಇಲ್ಲಿ ಒಂದು ಮೆಚ್ಚುಗೆಯ ಮಾತೂ ಹೇಳಬೇಕು. ಅದೇ ಪ್ಲಗಿನ್ 8.0, ತಪ್ಪು ಜಾವಾ ಸಿಕ್ಕರೆ ಏನು ಹೇಳುತ್ತೆ ಗೊತ್ತಾ? ನನಗೆ ಜಾವಾ 17 ಬೇಕು, ನೀವು ಕೊಟ್ಟಿದ್ದು 11, ಇಂಥಿಂಥ ಕಡೆ ಬದಲಾಯಿಸಿ. ಮುಗೀತು! ಏನು ಬೇಕು, ಏನು ಸಿಕ್ಕಿತು, ಏನು ಮಾಡಬೇಕು. ಎರರ್ ಮೆಸೇಜ್ ಅಂದರೆ ಹೀಗಿರಬೇಕು. ಮನಸ್ಸು ಮಾಡಿದರೆ ಬರೆಯೋಕೆ ಬರುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ. ಹಾಗಿದ್ದ ಮೇಲೆ ವಿಂಡೋಸ್ ಇನ್‌ಸ್ಟಾಲರಿನ ಆ ಕುಪ್ರಸಿದ್ಧ 1603 ನಂಬರಿನ ಎರರ್ ನೋಡಿ. “ಇನ್‌ಸ್ಟಾಲ್ ಮಾಡುವಾಗ ಮಾರಣಾಂತಿಕ ದೋಷ ಉಂಟಾಯಿತು.” ಯಾರ ಮರಣ? ಯಾಕೆ? ಹೇಳಲ್ಲ. ಡಿಸ್ಕ್ ತುಂಬಿದ್ದರೂ ಅದೇ, ಪರ್ಮಿಷನ್ ಇಲ್ಲದಿದ್ದರೂ ಅದೇ ಬರಬಹುದು.

ಆದರೆ ಮುಂದೆ ಹೇಳದಿದ್ದರೂ ಅದು ಹಿಂದೆ ಬರೆದಿಟ್ಟಿರುತ್ತೆ. ಲಾಗ್ ಫೈಲ್. ವಿಜಯಪುರದಿಂದ ತಿಕೋಟಾ ಕಡೆ ಹೊರಟರೆ ತೊರವಿ ಸಿಗುತ್ತಲ್ಲ, ಅಲ್ಲಿನ ಸುರಂಗ ಬಾವಡಿ ನೋಡಿದ್ದೀರಾ? ಆದಿಲಶಾಹಿ ಕಾಲದಲ್ಲಿ ಅಲ್ಲಿಂದ ಶಹರಕ್ಕೆ ನೆಲದೊಳಗೇ ಸುರಂಗ ಕೊರೆದು ನೀರು ತಂದರು, ಕರೇಜ್ ಅಂತಾರೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಕ್ಕೆ ತೆರೆದ ಬಾವಿಗಳು. ಗಾಳಿಗೂ ಆಯ್ತು, ಕೆಳಗಿಳಿದು ಹೂಳು ತೆಗೆಯುವುದಕ್ಕೂ ಆಯ್ತು. ಊರಲ್ಲಿ ನೀರು ನಿಂತರೆ ಇಡೀ ಸುರಂಗ ಅಗೆಯಬೇಕಿಲ್ಲ, ಒಂದೊಂದೇ ಬಾವಿಗೆ ಬಗ್ಗಿ ನೋಡ್ತಾ ಹೋದರೆ ಎಲ್ಲಿವರೆಗೆ ನೀರಿದೆ, ಎಲ್ಲಿಂದ ಇಲ್ಲ ಅಂತ ತಿಳಿಯುತ್ತೆ. ಲಾಗ್ ಅಂದರೆ ಅಂಥ ಬಾವಿಗಳ ಸಾಲು. 1603 ಬಂದಾಗ ಇನ್‌ಸ್ಟಾಲರನ್ನು ಲಾಗ್ ಬರೆಯುವಂತೆ ಹೇಳಿ ಓಡಿಸಿ, ಆ ಫೈಲಿನಲ್ಲಿ “ರಿಟರ್ನ್ ವ್ಯಾಲ್ಯೂ 3” ಅಂತ ಹುಡುಕಿ. ಅದರ ಮೇಲಿನ ಹತ್ತಿಪ್ಪತ್ತು ಸಾಲುಗಳಲ್ಲಿ ನಿಜವಾದ ಕಾರಣ ಇರುತ್ತೆ. ವಿಶುವಲ್ ಸ್ಟುಡಿಯೋದ್ದಾದರೆ ಟೆಂಪ್ ಫೋಲ್ಡರಿನಲ್ಲಿ ಡಿಡಿ ಅಂತ ಶುರುವಾಗುವ ಲಾಗ್‌ಗಳು ಇರ್ತವೆ. ನೂರಾರು ವರ್ಷದ ಹಿಂದಿನ ನೀರಿನ ಕೆಲಸದವರಿಗೆ ತಿಳಿದಿದ್ದ ಉಪಾಯ ಇದು, ನಮ್ಮ ಟ್ರೇನಿಂಗ್ ಸೆಂಟರಿನವರಿಗೆ ತಿಳಿದಿಲ್ಲ.

ರ್‍ಯಾಮ್ ಬಗ್ಗೆ ಬಹಳ ಹೇಳಲ್ಲ. ಆಂಡ್ರಾಯ್ಡ್ ಸ್ಟುಡಿಯೋ, ಎಮ್ಯುಲೇಟರ್ ಎರಡೂ ಒಟ್ಟಿಗೆ ಬೇಕು ಅಂದರೆ 4 ಜಿಬಿ ಲ್ಯಾಪ್‌ಟಾಪ್ ಎಳೆಯಲ್ಲ. ಎಮ್ಯುಲೇಟರ್ ಬಿಟ್ಟು, ಯುಎಸ್‌ಬಿ ಕೇಬಲ್ಲಿನಿಂದ ನಿಮ್ಮದೇ ಫೋನ್ ಜೋಡಿಸಿ ಕೆಲಸ ಮಾಡಿ. ಇಂಟೆಲ್‌ನ ಹ್ಯಾಕ್ಸ್‌ಎಮ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದನ್ನು ಇಂಟೆಲ್ 2023ರಲ್ಲೇ ಕೈಬಿಟ್ಟಿದೆ.

ಇನ್ನು ನಿಜವಾದ ವಿಷಯಕ್ಕೆ ಬರ್ತೀನಿ. ಇಷ್ಟು ದಿನ ಇದನ್ನು ಬರೀಬೇಕು ಬರೀಬೇಕು ಅಂತ ಒಳಗೇ ಕುದೀತಿದ್ದೆ.

ತಿಕೋಟಾ ಕಡೆಯ ಒಬ್ಬ ಹುಡುಗಿ. ಮನೆಯಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡು. ಶೆಡ್ಡಿನ ಲೆಕ್ಕ ಇಡಲು ಅಪ್ಪನಿಗೆ ಕನ್ನಡದಲ್ಲಿ ಒಂದು ಸಣ್ಣ ಆ್ಯಪ್ ಮಾಡಿಕೊಡಬೇಕು ಅಂತ ಆಸೆ. ಹೊಸ ಲ್ಯಾಪ್‌ಟಾಪ್ ತಂದ ದಿನ ವಿಂಡೋಸ್ ಹೆಸರು ಕೇಳಿತು. ಆಕೆ ತನ್ನ ಹೆಸರು ಕನ್ನಡದಲ್ಲಿ ಟೈಪ್ ಮಾಡಿದಳು. ಯಾಕೆ ಮಾಡಬಾರದು? ವಿಂಡೋಸ್ ಒಪ್ಪಿಕೊಂಡಿತು. ಪರದೆಯ ಮೇಲೆ ಚೆಂದಾಗಿ ಹೆಸರು ಬಂತು. ಬ್ರೌಸರ್, ಆಫೀಸ್, ವಾಟ್ಸಾಪ್ ಎಲ್ಲ ಓಡಿದವು. ಕಿಟ್ ಮಾತ್ರ ಕೂಡಲಿಲ್ಲ. ಅಂಗಡಿಯವನು “ಲ್ಯಾಪ್‌ಟಾಪಿನ್ಯಾಗ ದೋಷ ಐತಿ” ಅಂದು ಫಾರ್ಮ್ಯಾಟ್ ಹೊಡೆದು ರೊಕ್ಕ ತಗೊಂಡ. ವಿಂಡೋಸ್ ಮತ್ತೆ ಹೆಸರು ಕೇಳಿತು, ಆಕೆ ಮತ್ತೆ ಕನ್ನಡದಲ್ಲೇ ಬರೆದಳು. ಮತ್ತೆ ಅದೇ ಕಥೆ, ಮತ್ತೆ ಫಾರ್ಮ್ಯಾಟ್, ಮತ್ತೆ ರೊಕ್ಕ. ಎರಡನೇ ಸಲ ಇನ್ನೊಂದು ಮಾತು ಸೇರಿಸಿ ಕಳಿಸಿದರು: “ಇದೆಲ್ಲಾ ಇಂಗ್ಲಿಷ್ ಮೀಡಿಯಮ್‌ದವ್ರಿಗೆ ಛಲೋ ಬರ್ತೈತವಾ.”

ಆಕೆ ಕಳಿಸಿದ ಫೋಟೋದಲ್ಲಿ ಫೋಲ್ಡರಿನ ದಾರಿ ಇತ್ತು. ಸಿ ಡ್ರೈವ್, ಯೂಸರ್ಸ್, ಅದರ ಮುಂದೆ ಆಕೆಯ ಹೆಸರು ಇರಬೇಕಾದ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಅಷ್ಟು ಜನ ನೋಡಿದರೂ ಯಾರ ಕಣ್ಣಿಗೂ ಅದು ಬೀಳಲಿಲ್ಲ!

ಆಗಿದ್ದು ಏನು ಅಂತ ಬಿಡಿಸಿ ಹೇಳ್ತೀನಿ. ಕನ್ನಡ 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಇದೆ. ವಿಂಡೋಸ್ ಎನ್‌ಟಿ 1993ರಲ್ಲಿ ಬಂದಾಗಿನಿಂದ ಒಳಗೆ ಯೂನಿಕೋಡನ್ನೇ ಬಳಸುತ್ತೆ. 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಸಮೇತ ಕನ್ನಡ ಬಂತು. ಅಂದರೆ ಮನೆಯ ಅಡಿಪಾಯದಲ್ಲಿ ಕನ್ನಡಕ್ಕೆ ಜಾಗ ಇದೆ. ಆದರೆ ಆ ಮನೆಗೆ ಎರಡು ಬಾಗಿಲು. ಒಂದು ಯೂನಿಕೋಡ್ ಬಾಗಿಲು, ಇನ್ನೊಂದು ಹಳೇ ಪ್ರೋಗ್ರಾಮುಗಳಿಗೆ ಅಂತ ಉಳಿಸಿದ ಕೋಡ್ ಪೇಜ್ ಬಾಗಿಲು. ಈ ಹಳೇ ಬಾಗಿಲಲ್ಲಿ ಒಂದು ಸಲಕ್ಕೆ ಒಂದು ಪಟ್ಟಿ ಮಾತ್ರ. ರಷ್ಯದವರಿಗೆ 1251 ನಂಬರಿನ ಪಟ್ಟಿ, ಥಾಯ್‌ಗೆ 874, ಜಪಾನಿಗೆ 932. ಆದ್ದರಿಂದ ರಷ್ಯದವನು ತನ್ನ ರಷ್ಯನ್ ವಿಂಡೋಸಿನಲ್ಲಿ ತನ್ನ ಹೆಸರಿಟ್ಟುಕೊಂಡರೆ ಹಳೇ ಬಾಗಿಲಲ್ಲೂ ಹೇಗೋ ನುಸುಳಬಹುದು. ಸಿಸ್ಟಮ್ಮಿಗೆ ಹಾಕಿಕೊಳ್ಳಬಹುದಾದ ಅಂಥ ಪಟ್ಟಿ ಕನ್ನಡಕ್ಕೆ ಇಲ್ಲವೇ ಇಲ್ಲ. ತಮಿಳಿಗಿಲ್ಲ, ತೆಲುಗಿಗಿಲ್ಲ, ಅಷ್ಟು ದೊಡ್ಡ ಹಿಂದಿಗೂ ಇಲ್ಲ. ನಮ್ಮವೆಲ್ಲ ಯೂನಿಕೋಡಿನಲ್ಲಿ ಮಾತ್ರ ಬದುಕುವ ಭಾಷೆಗಳು.

ಈಗ ‘ಬಸವರಾಜ’ ಅನ್ನುವ ಹೆಸರು ತಗೊಳ್ಳಿ. ಯೂನಿಕೋಡ್ ಲೆಕ್ಕದಲ್ಲಿ ಬ, ಸ, ವ, ರ, ದೀರ್ಘ, ಜ, ಒಟ್ಟು ಆರು ತುಣುಕು. ಕಿಟ್‌ನ ಯಾವುದೋ ಒಂದು ಮೂಲೆಯ ಪ್ರೋಗ್ರಾಮ್ ಹಳೇ ಬಾಗಿಲಿಂದ ಈ ಹೆಸರು ಕೇಳುತ್ತೆ. ಪಟ್ಟಿಯಲ್ಲಿ ಇಲ್ಲದ ಅಕ್ಷರಕ್ಕೆ ವಿಂಡೋಸ್ ಕೊಡೋದು ಪ್ರಶ್ನಾರ್ಥಕ ಚಿಹ್ನೆ. ಬಸವರಾಜ ಹೋಗಿ ‘??????’ ಆದ. ತಮಾಷೆ ಏನು ಗೊತ್ತಾ, ವಿಂಡೋಸಿನಲ್ಲಿ ಫೋಲ್ಡರಿನ ಹೆಸರಿಗೆ ಈ ಚಿಹ್ನೆ ಬಳಸೋದೇ ನಿಷಿದ್ಧ. ಅಂದರೆ ಇರಲು ಸಾಧ್ಯವೇ ಇಲ್ಲದ ಒಂದು ಫೋಲ್ಡರನ್ನು ಹುಡುಕಿಕೊಂಡು ಹೋಗಿ, ಸಿಗಲಿಲ್ಲ ಅಂತ ಅದು ವಾಪಸ್ ಬರುತ್ತೆ. ಜಾವಾ 2022ರಲ್ಲಿ, 18ನೇ ಆವೃತ್ತಿಯಲ್ಲಿ, ಫೈಲಿನ ಒಳಗಿನ ಬರಹಕ್ಕೆ ಯುಟಿಎಫ್-8 ಅನ್ನೇ ರೂಢಿ ಮಾಡಿಕೊಂಡಿತು, ಒಳ್ಳೇದು. ಆದರೆ ವಿಂಡೋಸಿನಲ್ಲಿ ಕಮಾಂಡ್ ಸಾಲಿನ ಮೂಲಕ ಬರುವ ಹೆಸರು ಈಗಲೂ ಹಳೇ ಬಾಗಿಲಿಂದಲೇ ಬರುತ್ತೆ. ಅದಕ್ಕೇ ಗ್ರೇಡಲ್ ಕೆಲವೊಮ್ಮೆ “ಮೇನ್ ಕ್ಲಾಸ್ ಸಿಗಲಿಲ್ಲ” ಅನ್ನುತ್ತೆ. ಕ್ಲಾಸ್ ಅಲ್ಲೇ ಇದೆ ಸ್ವಾಮಿ, ನಿಮಗೆ ದಾರಿ ಓದಲು ಬರಲಿಲ್ಲ ಅಂತ ಹೇಳಿ!

ಇದು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಪ್ರಾಜೆಕ್ಟಿನ ದಾರಿಯಲ್ಲಿ ಇಂಗ್ಲಿಷ್ ಅಲ್ಲದ ಅಕ್ಷರ ಇದ್ದರೆ ವಿಂಡೋಸಿನಲ್ಲಿ ಬಿಲ್ಡ್ ಹಾಳಾಗಬಹುದು ಅಂತ ಆಂಡ್ರಾಯ್ಡ್ ಪ್ಲಗಿನ್ ತಾನೇ ಎಚ್ಚರಿಸಿ ನಿಲ್ಲಿಸುತ್ತೆ. ಆ ತಪಾಸಣೆ ಬೇಡ ಅಂದವರಿಗೆ ಒಂದು ಸೆಟ್ಟಿಂಗೂ ಇಟ್ಟಿದ್ದಾರೆ. ಫ್ಲಟರ್‌ನವರ ದಾಖಲೆಯಲ್ಲಿ ವಿಶೇಷ ಅಕ್ಷರ, ಖಾಲಿ ಜಾಗ ಇರುವ ಫೋಲ್ಡರಿನಲ್ಲಿ ಹಾಕಬೇಡಿ ಅಂತ ಬರೆದಿದೆ. ಖಾಲಿ ಜಾಗವೂ ಆಗಲ್ಲವಂತೆ! ವಿಂಡೋಸಿನವರೇ ಇಟ್ಟ ‘ಪ್ರೋಗ್ರಾಮ್ ಫೈಲ್ಸ್’ ಹೆಸರಿನಲ್ಲೇ ಒಂದು ಖಾಲಿ ಜಾಗ ಇದೆ. ಗೊತ್ತಿದ್ದೂ ಮುಚ್ಚದ ತೂತಿಗೆ ಬೋರ್ಡ್ ಹಾಕಿ, ‘ಇಲ್ಲಿ ತೂತಿದೆ, ಬಿದ್ದರೆ ನಾವು ಜವಾಬ್ದಾರರಲ್ಲ’ ಅಂದ ಹಾಗಾಯ್ತು. ಅದೂ ‘ವಿಶೇಷ ಅಕ್ಷರ’ ಅಂತೆ. ಬಸವರಾಜನ ಬ ಅದ್ಯಾವಾಗ ವಿಶೇಷ ಆಯ್ತು?

“ಇಂಗ್ಲಿಷ್‌ನಲ್ಲಿ ಹೆಸರಿಟ್ಟರೆ ಮುಗೀತಲ್ಲಯ್ಯಾ, ಇಷ್ಟೆಲ್ಲ ಯಾಕೆ?” ಅಂತ ನನ್ನ ಟೀಮಿನ ಗೆಳೆಯರೇ ಕೇಳ್ತಾರೆ. ಇವತ್ತು ರಾತ್ರಿ ಕೆಲಸ ಆಗಬೇಕಾದರೆ ನಾನೂ ಅದನ್ನೇ ಹೇಳೋದು. ಆ ಹುಡುಗಿಗೂ ಹೇಳಿದ್ದು ಅದೇ: ಇಂಗ್ಲಿಷ್ ಹೆಸರಿನ ಇನ್ನೊಂದು ಲೋಕಲ್ ಅಕೌಂಟ್ ಮಾಡ್ಕೋ. ಇರುವ ಅಕೌಂಟಿನ ಹೆಸರು ತಿದ್ದಿದರೆ ಉಪಯೋಗ ಇಲ್ಲ, ಫೋಲ್ಡರ್ ಹಳೇ ಹೆಸರಲ್ಲೇ ಉಳಿಯುತ್ತೆ. ಅಕೌಂಟ್ ಬದಲಾಯಿಸೋದು ಬೇಡ ಅಂದರೆ ಸಿ ಡ್ರೈವಿನ ಬುಡದಲ್ಲೇ ಒಂದು ಇಂಗ್ಲಿಷ್ ಹೆಸರಿನ ಫೋಲ್ಡರ್ ಮಾಡಿ, ಎಸ್‌ಡಿಕೆಯನ್ನು ಅಲ್ಲಿ ಹಾಕಿ, ಆಂಡ್ರಾಯ್ಡ್ ಹೋಮ್, ಗ್ರೇಡಲ್ ಯೂಸರ್ ಹೋಮ್, ಎಮ್ಯುಲೇಟರಿನ ಎವಿಡಿ ಹೋಮ್, ಟೆಂಪ್ ಇಷ್ಟೂ ವೇರಿಯಬಲ್‌ಗಳನ್ನು ಅತ್ತ ತಿರುಗಿಸಿ. ಪ್ರಾಜೆಕ್ಟನ್ನೂ ಅಲ್ಲೇ ಇಡಿ. ವಿಂಡೋಸ್ ಇಡೀ ಯುಟಿಎಫ್-8 ಬಳಸಲಿ ಅನ್ನುವ ಒಂದು ಗುರುತು 2018ರಿಂದ ಸೆಟ್ಟಿಂಗ್ಸ್‌ನಲ್ಲಿದೆ, ಆದರೆ ‘ಬೀಟಾ’ ಅಂತ ಬರೆದೇ ಇಟ್ಟಿದ್ದಾರೆ. ಅದನ್ನು ಹಾಕಿದರೆ ಬೇರೆ ಕೆಲವು ಹಳೇ ಪ್ರೋಗ್ರಾಮ್ ಕೆಡಬಹುದು.

ಆದರೆ ರಾತ್ರಿಯ ಉಪಾಯವನ್ನೇ ನ್ಯಾಯ ಅಂತ ಒಪ್ಪಿಕೊಳ್ಳೋಕೆ ನಾನು ತಯಾರಿಲ್ಲ. 2018ರ ಫೆಬ್ರುವರಿ ನೆನಪಿದೆಯಾ? ತೆಲುಗಿನ ಒಂದೇ ಒಂದು ಅಕ್ಷರ, ನಮ್ಮ ಜ್ಞಾನದ ‘ಜ್ಞಾ’ಕ್ಕೆ ಸಮನಾದದ್ದು, ಮೆಸೇಜಿನಲ್ಲಿ ಬಂದರೆ ಐಫೋನಿನ ಆ್ಯಪ್‌ಗಳೇ ಬಿದ್ದುಹೋಗ್ತಿದ್ದವು. ತೆಲುಗಿನವರೇ, ಇನ್ಮೇಲೆ ಆ ಅಕ್ಷರ ಬರೀಬೇಡಿ ಅಂತ ಆ್ಯಪಲ್ ಹೇಳಿತಾ? ಇಲ್ಲ. ಅದೇ ತಿಂಗಳ 19ಕ್ಕೆ ಐಒಎಸ್ 11.2.6 ಬಿಟ್ಟು ಸರಿ ಮಾಡಿತು. ಯಾಕೆ ಅಷ್ಟು ಅವಸರ? ಬಿದ್ದದ್ದು ಅಮೆರಿಕದವರ ಫೋನುಗಳೂ ಹೌದು ಅನ್ನೋದು ನನ್ನ ಅನುಮಾನ. ತಿಕೋಟಾದ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಬಿದ್ದರೆ ಬೇರೆ ಯಾರಿಗೂ ಕಾಣಲ್ಲ, ಅದಕ್ಕೇ ಅದು ಆಕೆಯ ತಪ್ಪು ಆಗಿಬಿಡುತ್ತೆ.

“ಪ್ರೋಗ್ರಾಮಿಂಗ್ ಅಂದ್ಮೇಲೆ ಇಂಗ್ಲಿಷ್ ಬೇಕೇ ಬೇಕು” ಅನ್ನೋದು ಮುಂದಿನ ವಾದ. ಬೇಕು, ಯಾರು ಇಲ್ಲ ಅಂದರು? ನಾನೂ ಹೊಟ್ಟೆಪಾಡಿಗೆ ದಿನವಿಡೀ ಅದನ್ನೇ ಕುಟ್ಟೋದು. ಆದರೆ ಕೋಡ್ ಬರೆಯೋಕೆ ನಾಲ್ಕು ಇಂಗ್ಲಿಷ್ ಪದ ಕಲಿಯೋದು ಬೇರೆ, ಸ್ವಂತ ಹೆಸರನ್ನು ಬಾಗಿಲಾಚೆ ಬಿಟ್ಟು ಬಾ ಅನ್ನೋದು ಬೇರೆ. ವಿಜಯಪುರದಲ್ಲಿ ವಕೀಲಿ ಮಾಡ್ತಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಯ ವಚನಗಳನ್ನು ಹುಡುಕಿ ಕೂಡಿಸಿದರು, ಅಚ್ಚು ಮಾಡಲು ಇಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಅಚ್ಚಿನ ಮನೆಗೆ ಅನುಕೂಲ ಆಗಲಿ ಅಂತ ವಚನದ ಅಕ್ಷರ ಬದಲಾಯಿಸಲಿಲ್ಲ. ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಇರುವ ಊರು ನಮ್ಮದು. ಅಂಥ ಊರಲ್ಲಿ ‘ಹೆಸರು ಇಂಗ್ಲಿಷ್‌ನಲ್ಲಿಡು, ಸುಮ್ಮನಿರು’ ಅನ್ನೋದೇ ತಾಂತ್ರಿಕ ಸಲಹೆ ಆಗಿಬಿಟ್ಟರೆ ಹೇಗೆ?

ನಮ್ಮ ಕಾಲೇಜುಗಳದ್ದೂ ಒಂದು ಪಾಲಿದೆ. ವಿಟಿಯು 2018ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸ್ ಆರನೇ ಸೆಮಿಸ್ಟರಿಗೆ ಮೊಬೈಲ್ ಆ್ಯಪ್ ಲ್ಯಾಬನ್ನೇ ಇಟ್ಟಿತ್ತು. ಕ್ಯಾಲ್ಕುಲೇಟರ್ ಆ್ಯಪ್ ಬರೆಯಿರಿ ಅಂತೆಲ್ಲ ಇತ್ತು. ಲ್ಯಾಬಿನ ಮಷೀನುಗಳಲ್ಲಿ ಕಿಟ್ ಯಾರೋ ಮೊದಲೇ ಹಾಕಿಟ್ಟಿರ್ತಾರೆ, ಹುಡುಗರು ಬಂದು ಪ್ರೋಗ್ರಾಮ್ ಹೊಡೆದು ಹೋಗ್ತಾರೆ. ಕಿಟ್ ಹಾಕೋದು, ಮುರಿದರೆ ಸರಿ ಮಾಡೋದು ಪಾಠವೇ ಅಲ್ಲ ಅಂತ ಲೆಕ್ಕ. ಕಂಪನಿಗೆ ಸೇರಿದ ಮೊದಲ ವಾರ ಮಾಡಬೇಕಾದ ಕೆಲಸ ಅದೊಂದೇ! ನನ್ನ ಕೈಗೆ ಕೊಟ್ಟರೆ ಮೊದಲ ಎರಡು ಲ್ಯಾಬ್ ಪೂರ್ತಿ ಇದಕ್ಕೇ ಇಡ್ತೀನಿ. ಬೇಕಂತಲೇ ಅರ್ಧ ಕತ್ತರಿಸಿದ ಜಿಪ್ ಕೊಡಬೇಕು, ತಪ್ಪು ಜಾವಾ ಕೊಡಬೇಕು, ಕನ್ನಡ ಹೆಸರಿನ ಫೋಲ್ಡರ್ ಕೊಡಬೇಕು. ಲಾಗ್ ಓದಿ ಕಾರಣ ಬರೆದವರಿಗೆ ಮಾರ್ಕ್ಸ್. ಜೊತೆಗೆ ಕಾಲೇಜಿನ ಸರ್ವರಿನಲ್ಲಿ ಆ ಸೆಮಿಸ್ಟರಿಗೆ ಬೇಕಾದ ಕಿಟ್‌ನ ಒಂದು ಪೂರ್ತಿ ಪ್ರತಿ, ಅದರ ಎಸ್‌ಎಚ್‌ಎ ಸಾಲು ಪಕ್ಕದಲ್ಲೇ ಬರೆದು ಇಡಬೇಕು. ತಿಕೋಟಾದಿಂದ, ಬಬಲೇಶ್ವರದಿಂದ ದಿನಾ ಬಸ್ಸಿಗೆ ಬರುವವರು ಪೆನ್ ಡ್ರೈವಿನಲ್ಲಿ ಹಾಕ್ಕೊಂಡು ಹೋಗಲಿ. ಇದಕ್ಕೆ ಯಾವ ಗ್ರ್ಯಾಂಟೂ ಬೇಡ, ಒಂದು ಹಾರ್ಡ್ ಡಿಸ್ಕ್ ಸಾಕು. ಹಾಗೆ ಮಾಡಿದವರು ಇದ್ದರೆ ಅವರಿಗೆ ದೊಡ್ಡ ನಮಸ್ಕಾರ.

ಇನ್ನೊಂದು ಕೆಲಸ ನಾವು ನೀವೇ ಮಾಡಬೇಕಾದ್ದು. ಆಂಡ್ರಾಯ್ಡ್, ಗ್ರೇಡಲ್, ಫ್ಲಟರ್ ಎಲ್ಲಕ್ಕೂ ದೋಷ ವರದಿ ಮಾಡಲು ಸಾರ್ವಜನಿಕ ಪಟ್ಟಿಗಳಿವೆ, ಯಾರು ಬೇಕಾದರೂ ಬರೆಯಬಹುದು. ಚೀನೀ, ರಷ್ಯನ್ ಹೆಸರಿನವರು ಅಲ್ಲಿ ವರ್ಷಗಟ್ಟಲೆ ಗಲಾಟೆ ಮಾಡಿದ್ದಾರೆ. ಕನ್ನಡ ಹೆಸರಿನವರು ಬಾಯಿ ಮುಚ್ಚಿಕೊಂಡು ಇಂಗ್ಲಿಷ್ ಅಕೌಂಟ್ ಮಾಡ್ಕೊಂಡರೆ ನಾವು ಇದ್ದೀವಿ ಅಂತ ಅವರಿಗೆ ಗೊತ್ತಾಗೋದು ಹೇಗೆ? ವರದಿಯಲ್ಲಿ ಕಿಟ್‌ನ ಆವೃತ್ತಿ, ವಿಂಡೋಸ್ ಆವೃತ್ತಿ, ಏನು ಮಾಡಿದಿರಿ, ಏನು ಆಗಬೇಕಿತ್ತು, ಏನಾಯ್ತು, ಲಾಗ್ ಇಷ್ಟು ಇರಲಿ. ಇಂಗ್ಲಿಷ್ ಹರಕು ಮುರುಕು ಆದರೂ ನಡೀತದ, ಲಾಗ್ ಪೂರ್ತಿ ಇದ್ದರೆ ಸಾಕು.

ಆ ಹುಡುಗಿ ತನ್ನ ವರದಿ ತಾನೇ ಬರೆದಳು. ನಾನು ಎರಡು ಕಡೆ ಸ್ಪೆಲ್ಲಿಂಗ್ ನೋಡಿದೆ, ಅಷ್ಟೇ. ‘ಮೊದಲ ಹಂತ: ವಿಂಡೋಸಿನಲ್ಲಿ ಹೊಸ ಅಕೌಂಟ್ ಮಾಡಿ, ಹೆಸರು ಹೀಗೆ ಬರೆಯಿರಿ’ ಅಂತ ಹಾಕಿ, ಅದರ ಮುಂದೆ ತನ್ನ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಿದ್ದಾಳೆ. ಅದನ್ನು ಪರೀಕ್ಷೆ ಮಾಡುವವನು ಯಾವ ದೇಶದವನೇ ಆಗಿರಲಿ, ಒಂದು ಸಲ ಆ ಅಕ್ಷರಗಳನ್ನು ಕಾಪಿ ಮಾಡಿ ತನ್ನ ಮಷೀನಿಗೆ ಇಡಲೇಬೇಕು. ಒಣದ್ರಾಕ್ಷಿ ಆ್ಯಪ್ ಸದ್ಯ ಇಂಗ್ಲಿಷ್ ಅಕೌಂಟಿನಿಂದಲೇ ತಯಾರಾಗ್ತಿದೆ. ಕ್ರೇಟು ಎಣಿಸುವ ಪುಟ ಮುಗಿದಿದೆಯಂತೆ, ತೂಕದ ಪುಟ ಬಾಕಿ.